ಮಳೆಗಾಲಕ್ಕೆ ಒದಗುವ ಕ್ಯಾಮರಾ

ತೋಟಕ್ಕೆ ಎಂಥ ಕ್ಯಾಮರಾ ಒಳ್ಳೆಯದೆಂದು ಸದಸ್ಯ ಬಾಂಧವರು ಕೆಲವರು ಕೇಳಿದ್ದಾರೆ. ಇದು ಬರೀ ಷೋಕಿಯ ಮಾತಲ್ಲ. ಬೋರ್ಡೋ ಮತ್ತೊಮ್ಮೆ ಹೊಡೆಯಬೇಕೆ ಎಂದು ತಿಳಿಯಲು, ಜಾರುವ ಮರಕ್ಕೆ ಕೊನೆಗೌಡನನ್ನು ಹತ್ತಿಸುವ ಬದಲು, ನೆಲದಿಂದಲೇ ಅಡಿಕೆ ಕೊನೆಯ ಕೊಳೆ ಕಾಣುವಂತಿದ್ದರೆ ಅದೇನು ಸಣ್ಣ ಲಾಭವೇ? ಮೊಬೈಲಿಗೆ ಅಷ್ಟು ದೂರ ನಿಲುಕದು. ಒದ್ದೆ ಬೆರಳಿನ ಮಾತನ್ನಂತೂ ಅದು ಕೇಳುವುದೇ ಇಲ್ಲ.

ಅಂಗಡಿಯವರು ಡಿಎಸ್‌ಎಲ್‌ಆರ್ ತೋರಿಸಿ ಮಳೆಗೆ ಏನೂ ಆಗದೆನ್ನುತ್ತಾರೆ. ನಂಬುವ ಮೊದಲು ಲೆನ್ಸು ನೋಡಿರಿ. 2013ರ ಪೆಂಟಾಕ್ಸ್ ಕೆ-3 ಕ್ಯಾಮರಾದಲ್ಲಿ ನೀರು ತಡೆಯುವ 92 ಸೀಲುಗಳಿವೆ. ಆದರೆ ಲೆನ್ಸಿನ ಬುಡದಲ್ಲಿ ರಬ್ಬರ್ ಉಂಗುರ ಇಲ್ಲದಿದ್ದರೆ ನೀರು ಆ ಸಂದಿಯಿಂದಲೇ ಇಳಿಯುತ್ತದೆ. 92 ಇದ್ದೂ ವ್ಯರ್ಥ. ಆ ಕಂಪನಿಯ ‘ಡಬ್ಲ್ಯುಆರ್’ ಗುರುತಿನ 55-300 ಲೆನ್ಸಿಗೆ ಈ ಸೀಲು ಉಂಟು, ಕೊನೆ ನೋಡುವುದಕ್ಕೂ ಸಾಕು. ಹಣ ಕಡಿಮೆಯಿದ್ದಲ್ಲಿ ಕ್ಯಾಮರಾ ಹಳೆಯದಾದರೂ ಚಿಂತೆಯಿಲ್ಲ, ಲೆನ್ಸಿನಲ್ಲಿ ಜಿಪುಣತನ ಬೇಡವೆಂಬುದು ನಮ್ಮ ಅಭಿಪ್ರಾಯ.

ಹಾಗೆಂದು ಹೊಳೆಯಲ್ಲಿ ಅದ್ದುವಂತಿಲ್ಲ. ತೋಟದಲ್ಲಿ ನಿಂತು ಲೆನ್ಸು ಬದಲಿಸಲೂ ಬಾರದು. ನಮ್ಮ ಕಡೆ ಮಳೆಗಿಂತ ಬೂಷ್ಟೇ ಹೆಚ್ಚು ಲೆನ್ಸು ಕೆಡಿಸುತ್ತದೆ. ಮನೆಗೆ ಬಂದೊಡನೆ ಒರೆಸಿ, ಆರಿಸಿ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ. ಚರ್ಮದ ಚೀಲದಲ್ಲಿ ಹಾಕಿ ಬೀರುವಿಗೆ ಸೇರಿಸಿದರೆ ದೀಪಾವಳಿಯ ಹೊತ್ತಿಗೆ ಗಾಜಿನೊಳಗೆ ಬಿಳಿ ಬಲೆ ಹರಡಿರುತ್ತದೆ.