ಚೀಲದ ಭಾರ ಹ್ಯಾಂಡಲಿಗೋ, ಅಚ್ಚಿಗೋ?

ಹಂಸಭಾವಿಯ ಶಾಲೆ, ಕಾಲೇಜುಗಳಿಗೆ ಸುತ್ತಲಿನ ಹಳ್ಳಿಗಳಿಂದ ಬರುವ ಮಕ್ಕಳ ಸೈಕಲ್ಲುಗಳನ್ನು ಬೆಳಗಿನ ಹೊತ್ತು ನಿಂತು ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಹಿಂದಿನ ಕ್ಯಾರಿಯರ್ ಮೇಲೆ ತಂಗಿಯೋ ತಮ್ಮನೋ ಕುಳಿತಿರುತ್ತಾರೆ. ಪುಸ್ತಕದ ಚೀಲ ಹ್ಯಾಂಡಲಿನ ಒಂದು ಬದಿಗೆ ಜೋತುಬಿದ್ದಿರುತ್ತದೆ. ಹಿಂದೆ ಯಾರೂ ಇಲ್ಲದಿದ್ದರೂ ಕ್ಯಾರಿಯರಿನ ಸ್ಪ್ರಿಂಗು ಚೀಲವನ್ನು ಹರಿಯುತ್ತದೆಂದು ಮಕ್ಕಳು ಮುಂದೆಯೇ ತೂಗುಹಾಕುತ್ತಾರೆ. ಅದು ಸಣ್ಣ ವಿಷಯವೆಂದು ಹಿರಿಯರು ಬಿಟ್ಟಿದ್ದಾರೆ. ಅದು ಸಣ್ಣ ವಿಷಯವಲ್ಲ.

2019ರಲ್ಲಿ ಶಿಕ್ಷಣ ಇಲಾಖೆಯು ಶಾಲಾ ಚೀಲದ ತೂಕಕ್ಕೆ ಮಿತಿ ಹಾಕಿದಾಗ 9 ಮತ್ತು 10ನೆಯ ತರಗತಿಗೆ ಗೊತ್ತುಪಡಿಸಿದ್ದು 4ರಿಂದ 5 ಕಿಲೋ. ಅದರ ಜೊತೆಗೆ ಒಂದು ಲೀಟರ್ ನೀರು, ರೊಟ್ಟಿಯ ಬುತ್ತಿ ಸೇರಿದರೆ ಸುಮಾರು 6 ಕಿಲೋ ಆಗುತ್ತದೆ. ಇಷ್ಟು ಭಾರ ಹ್ಯಾಂಡಲಿನ ಒಂದೇ ಬದಿಗೆ ತೂಗಿದರೆ ಸವಾರನು ದಾರಿಯುದ್ದಕ್ಕೂ ಮತ್ತೊಂದು ಬದಿಗೆ ಎಳೆಯುತ್ತಲೇ ಇರಬೇಕು. ಗುಂಡಿ ಬಂದಾಗ ಚೀಲ ಓಲಾಡಿ ಚಕ್ರಕ್ಕೆ ತಾಗುತ್ತದೆ. ಚೀಲದ ಪಟ್ಟಿ ಕಡ್ಡಿಗಳ ನಡುವೆ ಸಿಕ್ಕಿತೆಂದರೆ ಮುಂಗಾಲಿ ಥಟ್ಟನೆ ನಿಲ್ಲುತ್ತದೆ, ಸವಾರ ಹ್ಯಾಂಡಲಿನ ಮೇಲಿಂದ ಮುಂದಕ್ಕೆ ಬೀಳುತ್ತಾನೆ. ಹಿಂದೆ ಲಾರಿ ಬರುತ್ತಿದ್ದರೆ ಮುಂದಿನದನ್ನು ಹೇಳಬೇಕಾಗಿಲ್ಲ.

ಆದುದರಿಂದ ಮುಂದೆ ಭಾರ ಹೊರಲು ಒಂದು ಆಧಾರ ಬೇಕು. ಎಂಥದು ಎಂಬುದೇ ಪ್ರಶ್ನೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಹ್ಯಾಂಡಲಿಗೆ ಎರಡು ಕೊಕ್ಕೆಗಳಿಂದ ಸಿಕ್ಕಿಸುವ ಪ್ಲಾಸ್ಟಿಕ್ ಅಥವಾ ತಂತಿಯ ಬುಟ್ಟಿ. ಕೊತ್ತಂಬರಿ ಕಟ್ಟು, ಟವೆಲ್ಲು, ಟಾರ್ಚು ಇಡಲು ಅದು ಸಾಕು. ಪುಸ್ತಕದ ಚೀಲಕ್ಕೆ ಅದು ಸಲ್ಲದು. ಭಾರವೆಲ್ಲ ಹ್ಯಾಂಡಲಿನ ಎತ್ತರದಲ್ಲಿ, ಅದೂ ಅದಕ್ಕಿಂತ ಮುಂದಕ್ಕೆ ಚಾಚಿಕೊಂಡು ನಿಲ್ಲುತ್ತದೆ. ಹ್ಯಾಂಡಲ್ ಸ್ವಲ್ಪ ತಿರುಗಿದರೆ ಸೈಕಲ್ಲಿನ ಮುಂಭಾಗ ಕೂದಲೆಳೆಯಷ್ಟು ಕೆಳಗಿಳಿಯುತ್ತದೆ. ಅಲ್ಲಿರುವ ಭಾರ ಅದನ್ನು ಇನ್ನಷ್ಟು ತಿರುಗಿಸುತ್ತದೆ. ಹಳ್ಳಿಗಳಲ್ಲಿ ಬಹುಕಾಲದಿಂದ ಓಡುತ್ತಿರುವ ದೊಡ್ಡ ಚಕ್ರದ ಸೈಕಲ್ಲುಗಳಲ್ಲಿ ಫೋರ್ಕು ಹೆಚ್ಚು ವಾಲಿಕೊಂಡಿರುವುದರಿಂದ ಈ ಎಳೆತ ಇನ್ನೂ ಜೋರು. ಸೈಕಲ್ಲನ್ನು ತಳ್ಳಿಕೊಂಡು ನಿಧಾನವಾಗಿ ಏರು ಹತ್ತುವಾಗ ಇದು ಯಾರಿಗಾದರೂ ತಿಳಿಯುತ್ತದೆ.

ಸೈಕಲ್ಲನ್ನೇ ನಿತ್ಯದ ವಾಹನವಾಗಿಸಿಕೊಂಡ ದೇಶಗಳಲ್ಲಿ ಇದಕ್ಕೆ ಎರಡು ಪರಿಹಾರಗಳಿವೆ. ಜಪಾನಿನ ಗೃಹಿಣಿಯರ ಸೈಕಲ್ಲಿನಲ್ಲಿ ಬುಟ್ಟಿಯ ತಳಕ್ಕೆ ಕೊಟ್ಟ ಎರಡು ಉಕ್ಕಿನ ಕಾಲುಗಳು ಮುಂಗಾಲಿಯ ಅಚ್ಚಿನವರೆಗೂ ಇಳಿದಿರುತ್ತವೆ. ಭಾರವನ್ನು ಅಚ್ಚು ಹೊರುತ್ತದೆ, ಹ್ಯಾಂಡಲ್ ಕೇವಲ ಹಿಡಿದುಕೊಂಡಿರುತ್ತದೆ. ಹಾಲೆಂಡಿನಲ್ಲಿ ಮುಂದಿನ ಕ್ಯಾರಿಯರನ್ನು ಸೈಕಲ್ಲಿನ ಚೌಕಟ್ಟಿಗೇ ಕೂರಿಸುವ ರೂಢಿಯೂ ಇದೆ. ಹ್ಯಾಂಡಲ್ ತಿರುಗಿದರೂ ಹೊರೆ ತಿರುಗುವುದಿಲ್ಲ. ಎರಡನೆಯದೇ ಶ್ರೇಷ್ಠ. ಆದರೆ ಅದಕ್ಕೆ ಚೌಕಟ್ಟಿನಲ್ಲಿ ಮೊದಲೇ ಗಟ್ಟಿ ಕಿವಿಗಳಿರಬೇಕು. ಇಲ್ಲಿನ ಸೈಕಲ್ಲುಗಳಲ್ಲಿ ಅವು ಸಾಮಾನ್ಯವಾಗಿ ಇಲ್ಲ. ತೆಳು ಕೊಳವೆಗೆ ಆಮೇಲೆ ವೆಲ್ಡಿಂಗ್ ಮಾಡಿಸುವುದು ಅಪಾಯ, ಬೆಂಕಿ ತಿಂದ ಜಾಗದಲ್ಲಿಯೇ ಮುಂದೆ ಬಿರುಕು ಬಿಡುತ್ತದೆ. ಹಾಗಾಗಿ ಹಂಸಭಾವಿಯಂಥ ಊರಿಗೆ ಅಚ್ಚಿನ ಮೇಲೆ ನಿಲ್ಲುವ ಆಧಾರವೇ ಸರಿಯಾದ ಆಯ್ಕೆ.

ಅದನ್ನು ಪೇಟೆಯಿಂದ ತರಿಸಬೇಕೆಂದೇನೂ ಇಲ್ಲ. 6 ಮಿಲಿಮೀಟರ್ ದಪ್ಪದ ಕಬ್ಬಿಣದ ಸರಳು ಮೀಟರಿಗೆ ಸುಮಾರು 220 ಗ್ರಾಂ ತೂಗುತ್ತದೆ. ಚೀಲ ಕೂರುವಷ್ಟು ಚಿಕ್ಕ ಹಲಗೆ, ಎರಡು ಅಡ್ಡಪಟ್ಟಿ, ಎರಡು ಕಾಲು, ಎಲ್ಲ ಸೇರಿ ಮೂರು ಮೀಟರಿನೊಳಗೆ ಮುಗಿಯುತ್ತವೆ. ಅಂದರೆ ಮುಕ್ಕಾಲು ಕಿಲೋಗಿಂತ ಕಡಿಮೆ. ಟ್ರಾಲಿ, ಕುಂಟೆ ರಿಪೇರಿ ಮಾಡುವ ವೆಲ್ಡಿಂಗ್ ಅಂಗಡಿಯವನಿಗೆ ಇದು ಹೊಸ ವಿದ್ಯೆಯಲ್ಲ. ಹಲಗೆ ಮಡ್‌ಗಾರ್ಡಿನಿಂದ ಎರಡು ಬೆರಳಿನಷ್ಟೇ ಮೇಲಿರಲಿ, ಎತ್ತರ ಹೆಚ್ಚಿದಷ್ಟೂ ಓಲಾಟ ಹೆಚ್ಚು. ಹಲಗೆಯ ಹಿಂತುದಿಯನ್ನು ಫೋರ್ಕಿನ ನೆತ್ತಿಯ ಬೋಲ್ಟಿಗೆ ಬಿಗಿಯಲೇಬೇಕು. ಈ ಬೋಲ್ಟು ಸಡಿಲಾದರೆ ಇಡೀ ಆಧಾರ ಅಚ್ಚಿನ ಸುತ್ತ ಮುಂದಕ್ಕೆ ಮಗುಚುತ್ತದೆ, ಆದ್ದರಿಂದ ಅಲ್ಲಿಗೆ ಎರಡು ನಟ್ ಹಾಕಿಸುವುದು ಜಾಣತನ. ಅಚ್ಚಿನ ನಟ್ ಪೂರ್ತಿ ಕೂರುವಷ್ಟು ಮರೆ ಉಳಿಯದಿದ್ದರೆ ಉದ್ದದ ಅಚ್ಚು ಹಾಕಿಸಬೇಕು. ಅರೆಬರೆ ಕೂತ ನಟ್ಟಿನ ಮೇಲೆ ಮಕ್ಕಳನ್ನು ಕಳುಹಿಸಬಾರದು. ರಾಡ್ ಬ್ರೇಕಿನ ಸೈಕಲ್ಲಾದರೆ ಸರಳು ಏರಿ ಇಳಿಯಲು ಜಾಗ ಬಿಟ್ಟಿರಬೇಕು. ಚೀಲ ಮುಂದಿನ ದೀಪವನ್ನು ಮರೆಮಾಡುವುದಾದರೆ ದೀಪವನ್ನು ಹಲಗೆಯ ಮುಂತುದಿಗೆ ಸರಿಸಬೇಕು.

ಈಚೆಗೆ ಹುಡುಗರು ಬಯಸುವ ಮುಂದೆ ಶಾಕ್ ಅಬ್ಸಾರ್ಬರ್ ಇರುವ ಸೈಕಲ್ಲಿನ ಮಾತು ಬೇರೆ. ಅದರ ಫೋರ್ಕು ಕುಗ್ಗಿ ಹಿಗ್ಗುತ್ತದೆ. ಅಚ್ಚಿಗೂ ಮೇಲ್ಭಾಗಕ್ಕೂ ಒಂದೇ ಗಟ್ಟಿ ಸರಳು ಕೊಟ್ಟರೆ ಸರಳು ಬಾಗುತ್ತದೆ, ಇಲ್ಲವೇ ಫೋರ್ಕು ಕೆಡುತ್ತದೆ. ಹತ್ತು ಕಿಲೋಮೀಟರ್ ಶಾಲೆಗೆ ಹೋಗುವವರಿಗೆ ಆ ಶಾಕ್ ಅಬ್ಸಾರ್ಬರಿನಿಂದ ತೂಕವೊಂದೇ ಲಾಭ ಎಂಬುದನ್ನು ಕೊಳ್ಳುವ ಮೊದಲೇ ಯೋಚಿಸುವುದು ಒಳಿತು.

ಮಳೆಗಾಲದ ಮಾತೂ ಉಂಟು. ಮಲೆನಾಡಿನ ಸೆರಗಿನ ಈ ಭಾಗದಲ್ಲಿ ಜೂನ್‌ನಿಂದ ರಸ್ತೆ ಒದ್ದೆ. ಉಕ್ಕಿನ ರಿಮ್ ನೆಂದಾಗ ಬ್ರೇಕಿನ ಹಿಡಿತ ಬಹಳ ಕುಗ್ಗುತ್ತದೆ. ಭಾರ ಹೊತ್ತ ಸೈಕಲ್ಲು ಇನ್ನೂ ದೂರ ಸಾಗಿ ನಿಲ್ಲುತ್ತದೆ. ಆಧಾರ ಎಷ್ಟೇ ಗಟ್ಟಿಯಿರಲಿ, ಮುಂದೆ 5 ಕಿಲೋ ದಾಟಿಸದಿರುವುದು ಮೇಲು. ಜೋಳದ ಚೀಲ, ಹಾಲಿನ ಕ್ಯಾನು ಹಿಂದಿನ ಕ್ಯಾರಿಯರಿಗೇ ಇರಲಿ. ನೀರಿನ ಬಾಟಲಿಯನ್ನು ಚೌಕಟ್ಟಿಗೆ ಕಟ್ಟಿದರೆ ಮುಂದಿನ ಒಂದು ಕಿಲೋ ಅಲ್ಲಿಯೇ ಇಳಿಯಿತು.

ಇದೆಲ್ಲವನ್ನೂ ಪಾಲಕರ ಜೇಬಿಗೇ ಹೊರಿಸುವುದು ನ್ಯಾಯವಲ್ಲ. ರಾಜ್ಯ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭಿಸಿತು. ಹಳ್ಳಿಯ ಹೆಣ್ಣುಮಕ್ಕಳು ಪ್ರೌಢಶಾಲೆ ಬಿಡದಂತೆ ತಡೆದ ಒಳ್ಳೆಯ ಕೆಲಸಗಳಲ್ಲಿ ಅದೂ ಒಂದು. ಕೋವಿಡ್ ಬಂದ 2020ರಲ್ಲಿ ವಿತರಣೆ ನಿಂತಿತು. ಅಕ್ಕನ ಸೈಕಲ್ಲು ತಂಗಿಗೆ, ತಂಗಿಯದು ನೆರೆಮನೆಗೆ ದಾಟಿತು. ಅಂಥ ಯೋಜನೆಯ ಟೆಂಡರಿನಲ್ಲಿ ಚಕ್ರದ ಅಳತೆ, ಬಣ್ಣ ಬರೆಯುವಂತೆಯೇ ಅಚ್ಚಿನವರೆಗೆ ಕಾಲಿರುವ ಮುಂದಿನ ಆಧಾರವನ್ನೂ, ಅದು ಹೊರಬೇಕಾದ ತೂಕವನ್ನೂ ಬರೆಯಬೇಕು. ಶಾಲಾಭಿವೃದ್ಧಿ ಸಮಿತಿಗಳು ಈ ಬೇಡಿಕೆಯನ್ನು ಠರಾವಿನ ರೂಪದಲ್ಲಿ ಹಿರೇಕೆರೂರಿನ ಕ್ಷೇತ್ರ ಶಿಕ್ಷಣಾಧಿಕಾರಿಗೆ ಕಳುಹಿಸಬಹುದು. ಅಲ್ಲಿಯವರೆಗೆ ಶಾಲೆಯಲ್ಲಿ ಒಂದು ಸ್ಪ್ಯಾನರ್ ಇಟ್ಟು, ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳೇ ಪರಸ್ಪರರ ನಟ್ಟುಗಳನ್ನು ಬಿಗಿಸುವ ಏರ್ಪಾಟು ಮಾಡಿದರೂ ಆದೀತು.