ಹೆದರುವ ನಾಯಿಗೆ ಮೂರು ತಿಂಗಳು ಕೊಡಿ



ಕೆಚ್ಚಲು ಬಾವು, ಖನಿಜ ಮಿಶ್ರಣ, ಕಾಲುಬಾಯಿ ಜ್ವರದ ಲಸಿಕೆ ಎಂದು ನಿಮ್ಮ ಜೊತೆ ಮಾತಾಡುವ ನಾನು ಈ ಸಲ ನಾಯಿಯ ವಿಚಾರ ಹೇಳಬೇಕೆಂದಿದ್ದೇನೆ. ಹಾಲಿನ ಒಕ್ಕೂಟದ ಪತ್ರಿಕೆಯಲ್ಲಿ ನಾಯಿಗೇನು ಕೆಲಸ ಎಂದು ನೀವು ಕೇಳಬಹುದು. ಆದರೆ ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳಲ್ಲಿ ಹಸು ನೋಡಲು ಹೋದ ಕಡೆಯೆಲ್ಲ ಕೊಟ್ಟಿಗೆಯ ಪಕ್ಕ ಒಂದು ನಾಯಿ ಇದ್ದೇ ಇರುತ್ತದೆ. ಅದಕ್ಕೆ ಅನ್ನ ಹಾಕುವವರು ನೀವೇ. ಅದು ಕಚ್ಚಿದರೆ ಮೊದಲು ಕಚ್ಚಿಸಿಕೊಳ್ಳುವವರೂ ನೀವು, ನಿಮ್ಮ ಮಕ್ಕಳು, ನಿಮ್ಮ ಹಸುಗಳು. ಹಾಗಾಗಿ ಇದು ನಿಮ್ಮದೇ ವಿಚಾರ.

ತಿ. ನರಸೀಪುರ ತಾಲ್ಲೂಕಿನ ಒಂದು ಊರಿನಲ್ಲಿ ಎರಡು ಹಸು ಸಾಕಿರುವ ಅಕ್ಕ ಒಬ್ಬರಿದ್ದಾರೆ. ನಂಜನಗೂಡಿನಲ್ಲಿ ಅವರ ನೆಂಟರ ಮನೆಯ ಹಿರಿಯರೊಬ್ಬರು ತೀರಿಕೊಂಡರು. ಅವರು ಸಾಕಿದ್ದ ಕೆಂದು ಬಣ್ಣದ ನಾಟಿ ನಾಯಿಯನ್ನು ನೋಡಿಕೊಳ್ಳುವವರು ಇಲ್ಲದೆ ಇವರೇ ತಂದರು. ನಾಯಿಗೆ ಆಗಲೇ ನಾಲ್ಕು ವರ್ಷ, ಹೆಸರು ಕೆಂಚ. ಬಂದ ದಿನವೇ ಅದು ಹುಲ್ಲಿನ ಮೆದೆಯ ಹಿಂದೆ ಹೋಗಿ ಮುದುಡಿಕೊಂಡಿತು. ಯಾರಾದರೂ ಹತ್ತಿರ ಬಂದರೆ ಬಾಲ ಹೊಟ್ಟೆಯಡಿ ಸೇರಿಸಿ ಗೋಡೆಗೆ ಅಂಟಿಕೊಳ್ಳುತ್ತಿತ್ತು. ಹಾಲಿನ ಕ್ಯಾನು ಸದ್ದು ಮಾಡಿದರೆ ನಡುಗುತ್ತಿತ್ತು. ನಾನು ಹಸುವಿಗೆ ಗರ್ಭ ಪರೀಕ್ಷೆ ಮಾಡಲು ಹೋದಾಗ ಆ ಅಕ್ಕ, "ಡಾಕ್ಟ್ರಮ್ಮ, ಬೊಗಳೋದೇ ಇಲ್ಲ ಕಣ್ರೀ ಇದು. ಕಾವಲಿಗೆ ಅಂತ ತಂದ್ರೆ ನಾವೇ ಇದನ್ನ ಕಾಯಬೇಕಾಗಿದೆ. ಎಲ್ಲಾದ್ರೂ ಬಿಟ್ಟು ಬರೋಣ ಅಂತಾರೆ ನಮ್ಮನೆಯವರು" ಎಂದರು.

ಬೆಳೆದ ನಾಯಿ ತಂದವರ ಮನೆಗಳಲ್ಲಿ ಈ ಮಾತು ನನಗೆ ಹೊಸದಲ್ಲ. ಮರಿಯಾದರೆ ಎಲ್ಲರೂ ಕಾಯುತ್ತಾರೆ. ಬೆಳೆದ ನಾಯಿ ಮಾತ್ರ ಬಂದ ಮರುದಿನದಿಂದಲೇ ಕಾವಲು ಕಾಯಬೇಕು ಎಂದು ಬಯಸುತ್ತೇವೆ. ಅದು ಹೆದರಿದರೆ ಹೊಡೆದು ಧೈರ್ಯ ಬರಿಸಲು ನೋಡುತ್ತೇವೆ, ಸರಪಳಿ ಹಾಕುತ್ತೇವೆ, ಇಲ್ಲವೇ ಬೀದಿಗೆ ಬಿಡುತ್ತೇವೆ. ಮೂರೂ ತಪ್ಪು ಎನ್ನುವುದು ನನ್ನ ಅಭಿಪ್ರಾಯ. ಹೆದರುವ ನಾಯಿ ಕೆಲಸಕ್ಕೆ ಬಾರದ ನಾಯಿಯಲ್ಲ. ಅದಕ್ಕೆ ಮೂರು ತಿಂಗಳು ಬೇಕು, ಅಷ್ಟೇ.

ಇದನ್ನು ನಿಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಮೊದಲ ಸಲ ಕರು ಹಾಕಿದ ಕಡಸನ್ನು ಹಾಲು ಕರೆಯಲು ಹೇಗೆ ಒಗ್ಗಿಸುತ್ತೀರಿ ನೆನಪು ಮಾಡಿಕೊಳ್ಳಿ. ಕರು ಹಾಕುವ ಮೊದಲೇ ಮೈ ಸವರಿ, ಕೆಚ್ಚಲು ಮುಟ್ಟಿ, ಮಾತಾಡಿಸಿ ಅಭ್ಯಾಸ ಮಾಡಿಸುತ್ತೀರಿ. ದಿನಾ ಅದೇ ಹೊತ್ತಿಗೆ, ಅದೇ ಜಾಗದಲ್ಲಿ, ಅದೇ ಕೈಯಿಂದ ಕರೆಯುತ್ತೀರಿ. ಒದೆಯಿತು ಎಂದು ಹೊಡೆದರೆ ಹಾಲು ಇಳಿಸುವುದಿಲ್ಲ ಎಂದು ನಿಮಗೆ ಗೊತ್ತು. ಹೆದರಿದ ಹಸುವಿನ ಮೈಯಲ್ಲಿ ಅಡ್ರಿನಾಲಿನ್ ಏರುತ್ತದೆ, ಹಾಲು ಇಳಿಸುವ ಆಕ್ಸಿಟೋಸಿನ್ ಕೆಲಸ ಮಾಡದಂತೆ ಅದು ತಡೆಯುತ್ತದೆ. ನಾಯಿಯೂ ಹೀಗೆಯೇ. ಹೆದರಿಕೆಯಲ್ಲಿರುವಾಗ ಅದು ಏನನ್ನೂ ಕಲಿಯಲಾರದು, ಹೊಟ್ಟೆ ಹಸಿದಿದ್ದರೂ ಕೆಲವು ಸಲ ತಿನ್ನಲಾರದು.

ಮೊದಲ ವಾರ ಏನೂ ಕಲಿಸಲು ಹೋಗಬೇಡಿ. ಜನ ಓಡಾಡದ ಒಂದು ಮೂಲೆ ತೋರಿಸಿ, ಹಳೆಯ ಗೋಣಿಚೀಲ ಹಾಸಿ, ಪಕ್ಕದಲ್ಲಿ ನೀರಿಡಿ. ಆ ಮೂಲೆಗೆ ಹೋಗಿ ಅದನ್ನು ಎಳೆಯಬಾರದು ಎಂದು ಮಕ್ಕಳಿಗೆ ಹೇಳಿ. ಡೇರಿಗೆ ಹಾಲು ಹಾಕಿ ಬಂದ ಮೇಲೆ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಒಬ್ಬರೇ ಊಟ ಹಾಕಿ. ಮುದ್ದೆ, ಅನ್ನ, ಮಜ್ಜಿಗೆಯ ಜೊತೆ ವಾರಕ್ಕೆ ಎರಡು ಮೂರು ಸಲ ಬೇಯಿಸಿದ ಮೊಟ್ಟೆ ಸೇರಿಸಿದರೆ ಒಳ್ಳೆಯದು. ಈರುಳ್ಳಿ ಬೆರೆತ ಸಾರು ಬೇಡ, ನಾಯಿಯ ರಕ್ತಕ್ಕೆ ಅದು ಹಾನಿ.

ಆಮೇಲೆ ಅದರ ಎದುರಿಗಲ್ಲ, ಪಕ್ಕಕ್ಕೆ ತಿರುಗಿ ಸ್ವಲ್ಪ ದೂರದಲ್ಲಿ ಕೂರಿ. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಸೊಪ್ಪು ಬಿಡಿಸುವುದೋ ಅವರೆಕಾಯಿ ಸುಲಿಯುವುದೋ ನಿಮ್ಮ ಕೆಲಸ ನೀವು ಮಾಡುತ್ತಿರಿ. ಆಗಾಗ ಹೆಸರು ಕರೆದು ಒಂದು ಚೂರು ಮೊಟ್ಟೆಯನ್ನೋ ಬ್ರೆಡ್ಡನ್ನೋ ಅದರ ಕಡೆಗೆ ಎಸೆಯಿರಿ. ದಿನ ಕಳೆದಂತೆ ಚೂರು ನಿಮ್ಮ ಹತ್ತಿರ ಬೀಳಲಿ. ಅದಾಗಿಯೇ ಬಂದು ಕೈ ಮೂಸಿದರೆ ಮೂಸಲಿ. ತಕ್ಷಣ ತಲೆಯ ಮೇಲೆ ಕೈ ಇಡಬೇಡಿ, ಮೇಲಿನಿಂದ ಬರುವ ಕೈ ಅದಕ್ಕೆ ಏಟಿನ ಹಾಗೆ ಕಾಣುತ್ತದೆ. ಮೊದಲು ಗದ್ದದ ಕೆಳಗೆ, ಎದೆಯ ಮೇಲೆ ಸವರಿ, ನಿಲ್ಲಿಸಿ. ಇನ್ನೂ ಬೇಕೆಂದು ಅದು ಒತ್ತಿಕೊಂಡು ಬಂದರೆ ಮುಂದುವರಿಸಿ.

ಹೀಗೆ ನಂಬಿಕೆ ಬಂದ ಮೇಲೆ ಮೂರು ಮಾತು ಕಲಿಸಿದರೆ ಸಾಕು: ಬಾ, ಕೂತ್ಕೊ, ಬಿಡು. "ಬಾ" ಎಂದಾಗ ಬಂದರೆ ತಿಂಡಿ ಕೊಡಿ. ತಡವಾಗಿ ಬಂದರೂ ಬೈಯಬೇಡಿ. ಬೈದರೆ ಬರುವುದೇ ತಪ್ಪು ಎಂದು ಅದು ತಿಳಿಯುತ್ತದೆ. ತಿಂಡಿಯನ್ನು ಮೂಗಿನ ಮುಂದಿನಿಂದ ನಿಧಾನವಾಗಿ ತಲೆಯ ಮೇಲಕ್ಕೆ ಒಯ್ದರೆ ಅದು ತಾನಾಗಿಯೇ ಕೂರುತ್ತದೆ, ಆಗ "ಕೂತ್ಕೊ" ಎನ್ನಿ. ಬಾಯಲ್ಲಿ ಹಿಡಿದದ್ದನ್ನು ಕಿತ್ತುಕೊಳ್ಳುವ ಬದಲು ಅದಕ್ಕಿಂತ ಒಳ್ಳೆಯ ತುಂಡು ತೋರಿಸಿ "ಬಿಡು" ಎನ್ನಿ. ಒಂದು ಸಲಕ್ಕೆ ಐದು ನಿಮಿಷ ಸಾಕು. ಮನೆಯವರೆಲ್ಲ ಒಂದೇ ಮಾತು ಬಳಸಬೇಕು. ನೀವು "ಬಾ" ಎಂದು, ಮಗ "ಕಮ್" ಎಂದರೆ ನಾಯಿಗೆ ಗೊಂದಲ.

ಗುರ್ ಎಂದರೆ ಹೊಡೆಯಬೇಡಿ. ಗುರುಗುಟ್ಟುವುದು ಎಂದರೆ "ದೂರ ಇರು, ಹೆದರಿಕೆ ಆಗ್ತಿದೆ" ಎಂದು ಹೇಳುವುದು. ಅದಕ್ಕೂ ಮೊದಲು ಅದು ಮುಖ ತಿರುಗಿಸುತ್ತದೆ, ಕಿವಿ ಹಿಂದಕ್ಕೆ ಮಾಡುತ್ತದೆ, ತುಟಿ ನೆಕ್ಕುತ್ತದೆ, ನಿದ್ದೆ ಬಾರದಿದ್ದರೂ ಆಕಳಿಸುತ್ತದೆ. ಹೊಡೆದು ಹೊಡೆದು ಗುರುಗುಟ್ಟುವುದನ್ನು ಬಿಡಿಸಿದರೆ, ಮುಂದೆ ಅದು ಹೇಳದೆಯೇ ಕಚ್ಚುತ್ತದೆ.

ನನ್ನದೇ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಕೆಂಚನಿಗೆ ಲಸಿಕೆ ಆಗಿದೆಯೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಬಂದಿದ್ದೇನಲ್ಲ, ಮುಗಿಸಿಯೇ ಹೋಗೋಣ ಎಂದು ಇಬ್ಬರಿಂದ ಹಗ್ಗ ಹಾಕಿಸಿ, ಮೂಲೆಗೆ ಒತ್ತಿಸಿ ಚುಚ್ಚುಮದ್ದು ಕೊಟ್ಟೆ. ಎರಡು ನಿಮಿಷದ ಕೆಲಸ. ಆದರೆ ಆ ಅಕ್ಕನ ಕೈಯಿಂದ ಆಗತಾನೆ ತಿನ್ನಲು ಶುರು ಮಾಡಿದ್ದ ನಾಯಿ, ಅದಾದ ಮೇಲೆ ಇಪ್ಪತ್ತು ದಿನ ಅವರ ಹತ್ತಿರವೂ ಬರಲಿಲ್ಲ. ಲಸಿಕೆ ಬೇಕೇ ಬೇಕಿತ್ತು, ಕೊಟ್ಟ ರೀತಿ ಸರಿ ಇರಲಿಲ್ಲ. ಅದಕ್ಕೇ ನಿಮಗೆ ಹೇಳುವುದು: ಬೆಳೆದ ನಾಯಿಯನ್ನು ತರುವುದಾದರೆ, ಅದು ನಂಬಿರುವ ಹಳೆಯ ಮನೆಯವರು ಹಿಡಿದುಕೊಂಡಿರುವಾಗಲೇ ರೇಬೀಸ್ ಲಸಿಕೆ ಹಾಕಿಸಿ ತನ್ನಿ. ಆಗದಿದ್ದರೆ ತಂದ ಕೂಡಲೇ ನಮಗೆ ಹೇಳಿ, ಆದಷ್ಟು ಗಾಬರಿಪಡಿಸದೆ ಹಾಕುವ ದಾರಿ ನೋಡೋಣ. ಆಮೇಲೆ ವರ್ಷಕ್ಕೊಮ್ಮೆ ತಪ್ಪಬಾರದು.

ಹೆದರಿದ ನಾಯಿಗೂ ರೋಗ ಬಂದ ನಾಯಿಗೂ ವ್ಯತ್ಯಾಸ ತಿಳಿದಿರಲಿ. ಹುಚ್ಚುನಾಯಿ ರೋಗ ಎಂದರೆ ಯಾವಾಗಲೂ ಮೈಮೇಲೆ ಬೀಳುವುದೇ ಆಗಬೇಕಿಲ್ಲ. ಚೆನ್ನಾಗಿದ್ದ ನಾಯಿ ಇದ್ದಕ್ಕಿದ್ದಂತೆ ಕತ್ತಲಲ್ಲಿ ಅಡಗಿ, ಜೊಲ್ಲು ಸುರಿಸುತ್ತಾ, ಕೆಳದವಡೆ ಜೋತುಬಿದ್ದು, ನುಂಗಲಾರದೆ ಇದ್ದರೆ ಮುಟ್ಟಬೇಡಿ. ಗಂಟಲಲ್ಲಿ ಮೂಳೆ ಸಿಕ್ಕಿದೆಯೇನೋ ಎಂದು ಬಾಯಿಗೆ ಕೈ ಹಾಕಬೇಡಿ, ತಕ್ಷಣ ನಮಗೆ ತಿಳಿಸಿ. ಯಾವುದೇ ನಾಯಿ ಕಚ್ಚಿದರೂ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ. ಸುಣ್ಣ, ಅರಿಶಿನ, ಖಾರದಪುಡಿ ಹಚ್ಚಬೇಡಿ. ಹಸುವಿಗೆ ಕಚ್ಚಿದ್ದರೂ ಹೀಗೆಯೇ ತೊಳೆದು ಅಂದೇ ಕರೆ ಮಾಡಿ. ಕಚ್ಚಿದ ಮೇಲೆ ಕೊಡುವ ಲಸಿಕೆ ಹಸುವಿಗೂ ಇದೆ.

ಕೊಟ್ಟಿಗೆಯಲ್ಲೂ ಕೆಲವು ನಿಯಮ ಬೇಕು. ಹೊಸ ನಾಯಿಯನ್ನು ಹಸುವಿನ ಹತ್ತಿರ ಒಮ್ಮೆಲೇ ಬಿಡಬೇಡಿ. ಹಗ್ಗ ಹಿಡಿದು ದೂರದಿಂದ ತೋರಿಸಿ, ಎರಡೂ ಶಾಂತವಾಗಿದ್ದರೆ ಒಂದೊಂದೇ ಹೆಜ್ಜೆ ಹತ್ತಿರ ತನ್ನಿ. ಎಳೆಗರು ಇರುವ ಹಸು ನಾಯಿಯನ್ನು ಹಾಯದೆ ಬಿಡುವುದಿಲ್ಲ. ಹಾಲು ಕರೆಯುವ ಹೊತ್ತಿನಲ್ಲಿ ನಾಯಿ ಹೊರಗಿರಲಿ. ಕರು ಹಾಕಿದ ಮೇಲೆ ಬೀಳುವ ಮಾಸನ್ನು ನಾಯಿಗೆ ಸಿಗದಂತೆ ಆಳವಾಗಿ ಹೂಳಿ. ಮಾಸು ತಿಂದ ನಾಯಿಯಿಂದ ನಿಯೋಸ್ಪೊರಾ ಎಂಬ ಪರಾವಲಂಬಿ ಜೀವಿ ಮೇವಿಗೆ, ನೀರಿಗೆ ಸೇರಿ ಗಬ್ಬದ ಹಸು ಕಂದು ಹಾಕಬಹುದು. ಹುಲ್ಲು, ಹಿಂಡಿ ಇಡುವ ಜಾಗದಲ್ಲಿ ನಾಯಿ ಹೇಸಿಗೆ ಮಾಡದಂತೆ ನೋಡಿಕೊಳ್ಳಿ. ಜಂತುಹುಳುವಿನ ಔಷಧಿಯನ್ನು ನಮ್ಮನ್ನು ಕೇಳಿ ಕೊಡಿ. ಹಸುವಿಗೆ ತಂದ ಉಣ್ಣೆ ಔಷಧಿಯನ್ನು ಅಳತೆ ಇಲ್ಲದೆ ನಾಯಿಗೆ ಹಾಕಬೇಡಿ, ಪ್ರಾಣಕ್ಕೆ ಅಪಾಯ.

ಇನ್ನು ಸರಪಳಿಯ ಮಾತು. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿವರೆಗೆ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ನಾಲ್ವರು ಬಲಿಯಾದದ್ದನ್ನು ನೀವು ಯಾರೂ ಮರೆತಿಲ್ಲ. ನಂಜನಗೂಡಿನ ಹೆಡಿಯಾಲದ ಕಡೆಯವರಿಗೆ ಬಂಡೀಪುರದ ಕಾಡು ಪಕ್ಕದಲ್ಲೇ ಇದೆ. ಈ ಭಯದಿಂದಲೇ ಮನೆಗೊಂದು ನಾಯಿ ಇರಲಿ ಎನ್ನುತ್ತೀರಿ, ಅದು ಸರಿಯೇ. ಆದರೆ ಚಿರತೆಗೆ ನಾಯಿ ಸುಲಭದ ಬೇಟೆ. ರಾತ್ರಿ ಅಂಗಳದಲ್ಲಿ ಸರಪಳಿ ಹಾಕಿ ಕಟ್ಟಿದ ನಾಯಿ ಓಡಿ ತಪ್ಪಿಸಿಕೊಳ್ಳಲೂ ಆಗುವುದಿಲ್ಲ, ಚಿರತೆಯನ್ನು ಮನೆ ಬಾಗಿಲಿಗೇ ಕರೆದ ಹಾಗೆ ಆಗುತ್ತದೆ. ರಾತ್ರಿ ನಾಯಿಯೂ ಹಸುವಿನಂತೆ ಬಾಗಿಲು ಭದ್ರವಿರುವ ಕಡೆಯೇ ಇರಬೇಕು, ಮೇವು ನೀರಿನಿಂದ ದೂರದ ಮೂಲೆಯಲ್ಲಿ. ಒಳಗಿನಿಂದ ಅದು ಬೊಗಳಿದರೂ ನಿಮಗೆ ಎಚ್ಚರವಾಗುತ್ತದೆ. ಹಗಲೆಲ್ಲ ಕಟ್ಟಿಹಾಕುವುದರಿಂದಲೂ ಧೈರ್ಯ ಬರುವುದಿಲ್ಲ. ಓಡಿಹೋಗಲು ದಾರಿಯಿಲ್ಲದ ಅಂಜುಬುರುಕ ನಾಯಿಗೆ ಉಳಿಯುವುದು ಕಚ್ಚುವುದೊಂದೇ.

"ಇಷ್ಟೆಲ್ಲ ಮಾಡೋಕೆ ನಮಗೆಲ್ಲಿ ಪುರುಸೊತ್ತು ಡಾಕ್ಟ್ರಮ್ಮ" ಎನ್ನುತ್ತೀರಿ. ಕಸ ಬಾಚಿ, ಮೇವು ಹಾಕಿ, ಹಾಲು ಕರೆದು, ಮಕ್ಕಳನ್ನು ಶಾಲೆಗೆ ಕಳಿಸಿ, ಕೂಲಿಗೂ ಹೋಗುವ ನಿಮ್ಮ ದಿನ ನನಗೆ ಗೊತ್ತು. ನಾಯಿಗಾಗಿ ಬೇರೆ ಹೊತ್ತು ಬೇಡ. ಊಟ ಹಾಕುವಾಗಿನ ಐದು ನಿಮಿಷ, ಕೂತು ಸೊಪ್ಪು ಬಿಡಿಸುವ ಹತ್ತು ನಿಮಿಷ ಸಾಕು. ಮನೆಯ ಗಂಡಸರೂ ಮಕ್ಕಳೂ ಇದರಲ್ಲಿ ಪಾಲು ತೆಗೆದುಕೊಳ್ಳಲಿ, ನಾಯಿ ಎಲ್ಲರಿಗೂ ಒಗ್ಗಬೇಕಲ್ಲ. ಅಷ್ಟೂ ಆಗದ ಮನೆಯವರು ತರುವ ಮೊದಲೇ ಬೇಡ ಎನ್ನುವುದು ಒಳ್ಳೆಯದು. ದತ್ತು ಪಡೆದ ಬೀದಿನಾಯಿಯನ್ನು ಮತ್ತೆ ಬೀದಿಗೆ ಬಿಡಬಾರದು ಎಂದು ಸುಪ್ರೀಂ ಕೋರ್ಟ್ ಕೂಡ 2025ರ ಆಗಸ್ಟ್ 22ರ ಆದೇಶದಲ್ಲಿ ಹೇಳಿದೆ. ಒಮ್ಮೆ ಮನೆಯ ಅನ್ನ ತಿಂದು, ಜನರಿಗೆ ಹೆದರುತ್ತಾ ಬೀದಿ ಸೇರಿದ ನಾಯಿ ಊರಿನ ಮಕ್ಕಳಿಗೆ ಅಪಾಯ.

ಕೆಂಚನ ವಿಚಾರಕ್ಕೆ ಬಂದರೆ, ಆ ಅಕ್ಕ ಅದನ್ನು ಬಿಟ್ಟು ಬರಲಿಲ್ಲ. ಮೂರನೇ ತಿಂಗಳ ಹೊತ್ತಿಗೆ ಅದು ಬೆಳಿಗ್ಗೆ ಅವರ ಹಿಂದೆ ಡೇರಿಯವರೆಗೂ ಹೋಗಿ ಬರತೊಡಗಿತು. ಕ್ಯಾನು ಸದ್ದಿಗೆ ಈಗ ನಡುಗುವುದಿಲ್ಲ. ದೀಪಾವಳಿ ಪಟಾಕಿಗೆ ಮಾತ್ರ ಇನ್ನೂ ಅಟ್ಟದ ಕೆಳಗೆ ಸೇರಿಕೊಳ್ಳುತ್ತದಂತೆ. ಸೇರಿಕೊಳ್ಳಲಿ, ಅದು ದೊಡ್ಡ ವಿಷಯವಲ್ಲ. ಮೊನ್ನೆ ನಾನು ಕರುವಿಗೆ ಔಷಧಿ ಕೊಡಲು ಹೋದಾಗ ಬಾಗಿಲಲ್ಲೇ ನಿಂತು ಬೊಗಳಿತು. ಅಕ್ಕ "ಕೆಂಚ, ಬಾ" ಎಂದರು, ಹೋಗಿ ಅವರ ಪಕ್ಕ ಕೂತಿತು. ನನ್ನನ್ನು ಮಾತ್ರ ಇನ್ನೂ ಪೂರ್ತಿ ನಂಬಿಲ್ಲ. ಹೋದಾಗಲೆಲ್ಲ ಜೇಬಿನಲ್ಲಿ ಒಂದು ತುಂಡು ಬ್ರೆಡ್ ಇಟ್ಟುಕೊಂಡು ಹೋಗುತ್ತಿದ್ದೇನೆ.

ನಿಮ್ಮ ಕೊಟ್ಟಿಗೆಯ ಮೂಲೆಯಲ್ಲೂ ಇಂಥದ್ದೊಂದು ಇದ್ದರೆ, ಮುಂದಿನ ಸಲ ಹಸು ತೋರಿಸಲು ಕರೆದಾಗ ಅದರ ವಿಚಾರವನ್ನೂ ನಮಗೆ ಹೇಳಿ.

ನಿಮ್ಮ ಪಶು ವೈದ್ಯಾಧಿಕಾರಿ