ಸಾಹೇಬ್ರದ್ದು ‘ಕರ್ತವ್ಯಲೋಪ’, ನಮ್ದು ಮಾತ್ರ ‘ಬೇಜವಾಬ್ದಾರಿ’!



ಕೊಳ್ಳೇಗಾಲ, ಹನೂರು, ಯಳಂದೂರು, ಯಾವ ತಾಲ್ಲೂಕು ಕಚೇರಿಗಾದ್ರೂ ಹೋಗಿ ನೋಡಿ. ನಮ್ಮ ಕೇರಿ ಮಗು ನಾಲ್ಕು ದಿನ ಸ್ಕೂಲಿಗೆ ಹೋಗದಿದ್ರೆ ಅಪ್ಪ ಅವ್ವ ‘ಬೇಜವಾಬ್ದಾರಿಗಳು’. ಪೌರಕಾರ್ಮಿಕ ಜ್ವರ ಬಂದು ಮಲಗಿದ್ರೆ ‘ಬೇಜವಾಬ್ದಾರಿ ನನ್ಮಗ’. ಅದೇ ಸಾಹೇಬ್ರು ನಮ್ಮ ಅರ್ಜಿ ಮೇಲೆ ಆರು ತಿಂಗಳು ಕೂತ್ರೆ? ಅದು ‘ಕರ್ತವ್ಯಲೋಪ’! ಬೈಗುಳ ನಮಗೆ, ಸಂಸ್ಕೃತ ಅವರಿಗೆ.

ಹೈಸ್ಕೂಲಲ್ಲಿ ಲೋಪಸಂಧಿ ಓದಿದೀರಲ್ಲ? ಊರು ಪ್ಲಸ್ ಅಲ್ಲಿ, ಊರಲ್ಲಿ. ‘ಉ’ಕಾರ ಮಾಯ. ಯಾರು ತೆಗೆದ್ರು? ಯಾರೂ ಇಲ್ಲ, ತಾನಾಗೇ ಹೋಯ್ತು. ‘ಕರ್ತವ್ಯಲೋಪ’ ಅನ್ನೋ ಪದವೂ ಹಂಗೇ. ಕೆಲಸ ಮಾಡದವನು ಅದರೊಳಗೆ ಕಾಣೋದೇ ಇಲ್ಲ. ‘ಬೇಜವಾಬ್ದಾರಿ’ಯಲ್ಲಿ ಜವಾಬು ಇದೆ. ಜವಾಬು ಅಂದ್ರೆ ಉತ್ತರ. ಉತ್ತರ ಕೊಡದವನೇ ಬೇಜವಾಬ್ದಾರಿ. ಈಗ ಹೇಳಿ, ಆ ಪದ ಯಾರಿಗೆ ಒಪ್ಪುತ್ತೆ?

2021ರ ಮೇ 2ರ ರಾತ್ರಿ ಮರೆಯಬೇಡಿ. ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಒಂದು ದಿನದೊಳಗೆ 24 ಜನ ಸತ್ತರು. ಆಕ್ಸಿಜನ್ ಇಲ್ಲದೆ ಸತ್ತವರು ಮೂವರು ಮಾತ್ರ ಅಂದ್ರು ಆಗಿನ ಆರೋಗ್ಯ ಸಚಿವರು. ಮೈಸೂರಿನವರು ಕಳಿಸಲಿಲ್ಲ ಅಂತ ಇವರು, ನಮ್ಮ ತಪ್ಪಿಲ್ಲ ಅಂತ ಅವರು. ಕೊನೆಗೆ ಹೈಕೋರ್ಟೇ ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲಗೌಡರ ಸಮಿತಿ ನೇಮಿಸಬೇಕಾಯ್ತು. ಜನರ ಉಸಿರು ನಿಂತಿದ್ದನ್ನೂ ‘ಲೋಪ’ ಅಂತಲೇ ಕರೀಬೇಕಾ?

ಬಾಬಾಸಾಹೇಬರು ಕೊಟ್ಟ ಸಂವಿಧಾನದ ಬಲದಿಂದ ಬಂದ 1989ರ ದೌರ್ಜನ್ಯ ತಡೆ ಕಾಯ್ದೆ ಇಂಥ ನಯದ ಮಾತು ಆಡಲ್ಲ. ಅದರ ಸೆಕ್ಷನ್ 4 ‘ಉದ್ದೇಶಪೂರ್ವಕ ನಿರ್ಲಕ್ಷ್ಯ’ ಅನ್ನುತ್ತೆ. ಬಾಯಲ್ಲಿ ಹೇಳಿದ ದೂರನ್ನ ಬರೆದು ಓದಿ ಹೇಳದಿದ್ರೆ, ಎಫ್‌ಐಆರ್ ಹಾಕದಿದ್ರೆ, ಅದರ ಪ್ರತಿ ಕೊಡದಿದ್ರೆ, ಎಸ್‌ಸಿ ಎಸ್‌ಟಿಗೆ ಸೇರದ ಅಧಿಕಾರಿಗೆ ಆರು ತಿಂಗಳಿಂದ ಒಂದು ವರ್ಷ ಜೈಲು. ಆದರೆ ಅಲ್ಲೂ ಒಂದು ಬಾಗಿಲು ಬಿಟ್ಟಿದ್ದಾರೆ: ಮೊದಲು ಆಡಳಿತಾತ್ಮಕ ವಿಚಾರಣೆ ಶಿಫಾರಸು ಮಾಡಬೇಕು. ಅಂದ್ರೆ ಸಾಹೇಬ್ರ ತಪ್ಪನ್ನ ಇನ್ನೊಬ್ಬ ಸಾಹೇಬ್ರೇ ಒಪ್ಪಬೇಕು! ಅವರು ‘ಲೋಪ’ ಅಂತ ಬರೆದು, ನಾಲ್ಕು ದಿನ ಅಮಾನತು ಮಾಡಿ, ಕಡತ ಮುಚ್ಚಿದ್ರೆ ಮುಗೀತು.

ಅದಕ್ಕೇ ಹೇಳ್ತಿರೋದು. ಮನವಿ ಪತ್ರದಲ್ಲಿ ‘ಕರ್ತವ್ಯಲೋಪ ಎಸಗಿದ್ದು’ ಅಂತ ಅವರ ಪದವನ್ನೇ ಬರೆಯೋದು ಬಿಡಿ. ಯಾವ ತಾರೀಕು, ಯಾವ ಕೆಲಸ, ಯಾವ ಹುದ್ದೆಯವರು ಮಾಡಲಿಲ್ಲ ಅಂತ ಬಿಡಿಸಿ ಬರೀರಿ. ಕೆಳಗೆ ‘ಸೆಕ್ಷನ್ 4ರಡಿ ವಿಚಾರಣೆ ಆಗಬೇಕು’ ಅಂತ ಸೇರಿಸಿ. ಸೀಲು ಹಾಕಿದ ಹಿಂಬರಹ ಇಸ್ಕೊಳ್ಳದೆ ಮೆಟ್ಟಿಲು ಇಳೀಬೇಡಿ.

ಜವಾಬು ಕೇಳೋದು ನಮ್ಮ ಹಕ್ಕು. ಕೊಡದವನೇ ಬೇಜವಾಬ್ದಾರಿ.

ಜೈ ಭೀಮ್. ಶೇರ್ ಮಾಡಿ.